ಕೋರ್ಟಿಗೆ ಸುರಿದ ಹಣವನ್ನು ಎಲ್ಲಿ ಕೇಳಬೇಕು?

(ಶಿಡ್ಲಘಟ್ಟದಲ್ಲಿ ಮಾಡಿದ ಭಾಷಣದ ಪಠ್ಯ)



ರೇಷ್ಮೆಯ ವ್ಯವಹಾರವು ವಿಶ್ವಾಸದ ಮೇಲೆ ನಿಂತಿದೆ. ಗೂಡು ಕೊಂಡು ನೂಲು ಬಿಚ್ಚುವ ರೀಲರ್, ಬಂಡವಾಳ ಹಾಕುವ ಪಾಲುದಾರ, ನೂಲು ಕೊಳ್ಳುವ ವ್ಯಾಪಾರಿ - ಇವರ ನಡುವೆ ವಿಶ್ವಾಸ ಮುರಿದರೆ ಒಂದೇ ಜಗಳವು ಎರಡು ನ್ಯಾಯಾಲಯಗಳ ಮೆಟ್ಟಿಲೇರುತ್ತದೆ. ಹಣದ ವಸೂಲಿಗೆ ಸಿವಿಲ್ ದಾವೆ, ಬೆದರಿಸಲು ವಂಚನೆಯ ಕ್ರಿಮಿನಲ್ ದೂರು. ವರ್ಷಗಳ ಅಲೆದಾಟದ ಬಳಿಕ ಆರೋಪಿಯು ನಿರ್ದೋಷಿಯೆಂದು ಬಿಡುಗಡೆ ಹೊಂದುತ್ತಾನೆ. ಅಷ್ಟರಲ್ಲಿ ವಕೀಲರ ಶುಲ್ಕಕ್ಕಾಗಿ ಮನೆಯ ಒಡವೆಗಳು ಅಡವಿಗೆ ಹೋಗಿರುತ್ತವೆ. ಈ ವೆಚ್ಚವನ್ನು ಸಿವಿಲ್ ದಾವೆಯ ಖರ್ಚಿಗೆ ಸೇರಿಸಿ ಪಡೆಯಬಹುದೇ?

ಸಾಮಾನ್ಯವಾಗಿ ಸಾಧ್ಯವಿಲ್ಲ ಎಂಬುದನ್ನು ನಾವು ಅರಿತಿರಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮು ಆಯಾ ದಾವೆಯ ಖರ್ಚಿನ ಕುರಿತು ಮಾತ್ರ ಹೇಳುತ್ತದೆ. ಅದೂ ಸಹ ನಿಯಮಗಳ ಮಿತಿಯೊಳಗೆ. ಒಂದು ಮೇಲ್ಮನವಿಯಲ್ಲಿ ದೆಹಲಿ ಹೈಕೋರ್ಟು 45 ಲಕ್ಷ ರೂಪಾಯಿಗೂ ಮಿಕ್ಕಿ ಖರ್ಚು ಕೊಡಿಸಿತ್ತು. 2011ರಲ್ಲಿ ಸುಪ್ರೀಮ್ ಕೋರ್ಟು ಇದನ್ನು ಒಪ್ಪಲಿಲ್ಲ. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್‌ರವರ ಪೀಠವು, ನಿಯಮ ಮೀರಿ ಖರ್ಚು ಕೊಡಿಸಲಾಗದು, ಆದರೆ ನಿಯಮಗಳೇ ವಾಸ್ತವಕ್ಕೆ ಹತ್ತಿರವಾಗಬೇಕು ಎಂದಿತು. ಸಾಮಾನ್ಯ ದಾವೆಯಲ್ಲಿ ಸುಳ್ಳು ವಾದಕ್ಕೆ ಕೊಡಿಸಬಹುದಾದ ಪರಿಹಾರದ ಮಿತಿಯು ಕೇವಲ 3,000 ರೂಪಾಯಿ! 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ ಒಳಪಡುವ ವಿವಾದಗಳಲ್ಲಿ ನಿಯಮವು ಉದಾರವಾಗಿದೆ.

ಹಾಗಾದರೆ ಕ್ರಿಮಿನಲ್ ಕೋರ್ಟಿನಲ್ಲಿ ಕಳೆದ ಹಣಕ್ಕೆ ದಾರಿಯೇ ಇಲ್ಲವೇ? ಎರಡು ದಾರಿಗಳಿವೆ.

ಮೊದಲನೆಯದು, ಅದೇ ಮ್ಯಾಜಿಸ್ಟ್ರೇಟರ ಮುಂದಿದೆ. ಆರೋಪಕ್ಕೆ ಸಮಂಜಸ ಆಧಾರವೇ ಇರಲಿಲ್ಲವೆಂದು ಕಂಡರೆ, ಬಿಡುಗಡೆಯ ಆದೇಶದ ಸಂದರ್ಭದಲ್ಲೇ ದೂರುದಾರನಿಂದ ಕಾರಣ ಕೇಳಿ ಪರಿಹಾರ ಕೊಡಿಸಬಹುದು. ಹಿಂದಿನ ಸಂಹಿತೆಯ 250ನೇ ಕಲಮು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 273ನೇ ಕಲಮಾಗಿದೆ. ಬಿಡುಗಡೆಯ ಸಂತೋಷದಲ್ಲಿ ಇದನ್ನು ಕೇಳಲು ಮರೆಯುವವರೇ ಹೆಚ್ಚು.

ಎರಡನೆಯದು, ದುರುದ್ದೇಶದ ಮೊಕದ್ದಮೆಗೆ ಪರಿಹಾರ ಕೋರುವ ಪ್ರತ್ಯೇಕ ಸಿವಿಲ್ ದಾವೆ. ಇಲ್ಲಿ ಒಂದು ಕೋರ್ಟಿನ ಖರ್ಚನ್ನು ಇನ್ನೊಂದು ಕೋರ್ಟಿನಲ್ಲಿ ನಷ್ಟವೆಂದು ಕೇಳಬಹುದು. ಆದರೆ ಬಿಡುಗಡೆಯೊಂದೇ ಸಾಲದು. ಎದುರಾಳಿಯೇ ಮೊಕದ್ದಮೆ ಹೂಡಿಸಿದ್ದ, ಅದಕ್ಕೆ ಸಮಂಜಸ ಕಾರಣವಿರಲಿಲ್ಲ, ಅವನಲ್ಲಿ ದ್ವೇಷವಿತ್ತು, ನಮಗೆ ಹಾನಿಯಾಯಿತು ಎಂಬುದನ್ನು ರುಜುವಾತುಪಡಿಸಬೇಕು. ಕಾಲಮಿತಿಯು ಬಿಡುಗಡೆಯ ದಿನದಿಂದ ಕೇವಲ ಒಂದು ವರ್ಷ. ಮ್ಯಾಜಿಸ್ಟ್ರೇಟರು ಮೊದಲೇ ಪರಿಹಾರ ಕೊಡಿಸಿದ್ದರೆ ಅದನ್ನೂ ಗಣನೆಗೆ ತೆಗೆದುಕೊಳ್ಳಲಾಗುತ್ತದೆ.

ಹಾನಿಯ ರುಜುವಾತು ಎಂದರೇನು? ವಕೀಲರಿಗೆ ಕೊಟ್ಟ ಹಣದ ರಶೀದಿ, ಬಸ್ ಟಿಕೆಟು, ದಿನಾಂಕ ಬರೆದಿಟ್ಟ ಪುಸ್ತಕ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ಬೋಧಿಸಿದೆ. ಆದರೆ ನಮ್ಮಲ್ಲಿ ಎಷ್ಟು ಮಂದಿ ವಕೀಲರಿಂದ ರಶೀದಿ ಪಡೆಯುತ್ತೇವೆ?

ಖರ್ಚೇ ಆಗದಂತೆ ತಡೆಯುವ ಉಪಾಯಗಳೂ ಇವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ವರಮಾನದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಲಭ್ಯವಿದೆ. ಲೋಕ ಅದಾಲತ್‌ನಲ್ಲಿ ರಾಜಿಯಾದ ದಾವೆಗೆ ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳುತ್ತದೆ.

ಇನ್ನು, "ಒಂದು ಕೇಸು ಹಾಕಿಬಿಡಿ, ತಾನಾಗಿ ದಾರಿಗೆ ಬರುತ್ತಾನೆ" ಎಂದು ಹುರಿದುಂಬಿಸುವವರ ಬಗ್ಗೆ ನಾವು ಎಚ್ಚರದಿಂದಿರಬೇಕು. ಸುಳ್ಳು ದೂರಿನಿಂದ ಕಳೆದುಹೋದ ಹಣದಲ್ಲಿ ಸ್ವಲ್ಪವನ್ನಾದರೂ ಕಾನೂನು ಕೊಡಿಸೀತು. ಕಳೆದುಹೋದ ವರ್ಷಗಳನ್ನು ಕೊಡಿಸುವ ಕೋರ್ಟು ಭೂಮಿಯ ಮೇಲಿಲ್ಲ.