ಕಿವಿಯಿಂದ ಕೈಗೆ ಇಳಿದ ವಿಮಾನ

1933ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶುರುವಾದ ಮಕ್ಕಳ ರೇಡಿಯೊ ಸರಣಿ ‘ದಿ ಏರ್ ಅಡ್ವೆಂಚರ್ಸ್ ಆಫ್ ಜಿಮ್ಮಿ ಆಲನ್’ ತನ್ನ ಕ್ಲಬ್ಬು ಸೇರಿದ ಮಕ್ಕಳಿಗೆ ರೆಕ್ಕೆಯ ಬ್ಯಾಡ್ಜು, ಹಾರಾಟದ ಪಾಠ ಕೊಡುತ್ತಿತ್ತು. ಮಾದರಿ ವಿಮಾನಗಳ ಸ್ಪರ್ಧೆಗಳೂ ನಡೆದವು. ಇದೆಲ್ಲ ಸರಣಿಯ ಪ್ರಾಯೋಜಕ ಸ್ಕೆಲ್ಲಿ ಕಂಪನಿಯ ಪೆಟ್ರೋಲ್ ಮಾರುವ ಉಪಾಯವಲ್ಲವೇ ಎಂದರೆ, ಹೌದು, ಉಪಾಯವೇ. ಆದರೆ ಮಾದರಿ ಕಟ್ಟುವ ಬಾಲ್ಸಾ ಮರಕ್ಕೆ ಜಾಹೀರಾತಿನ ಹಂಗಿಲ್ಲ: ಮೂತಿ ತೀರಾ ಹಗುರವಾದರೆ ವಿಮಾನ ತಲೆಯೆತ್ತಿ, ವೇಗ ಕಳೆದುಕೊಂಡು ಬೀಳುತ್ತದೆ. ಆ ಸಮತೋಲವನ್ನು ಮಗು ತಾನೇ ಹುಡುಕಿಕೊಳ್ಳಬೇಕು. ರೇಡಿಯೊ ಏನನ್ನೂ ತೋರಿಸದ್ದರಿಂದಲೇ, ಕೇಳಿದ್ದಕ್ಕೆ ರೂಪ ಕೊಡುವ ಕೆಲಸ ಕೈಗಳಿಗೆ ಉಳಿಯಿತೆಂಬುದು ನನ್ನ ನಂಬಿಕೆ. ಅಂಥ ಕೈಗಳೇ ಮುಂದೆ ಯುದ್ಧಕ್ಕೂ ಬೇಕಾದವು: 1942ರಲ್ಲಿ ಅಮೆರಿಕದ ನೌಕಾಪಡೆ, ವಿಮಾನ ಗುರುತಿಸುವ ತರಬೇತಿಗೆಂದು 5 ಲಕ್ಷ ಮಾದರಿಗಳನ್ನು ಕೇಳಿದ್ದು ಶಾಲಾಮಕ್ಕಳನ್ನೇ. ಬಾಲ್ಯವನ್ನು ಯುದ್ಧಕ್ಕೆ ಎಳೆದದ್ದು ನೋವಿನ ಸಂಗತಿ, ನಿಜ. ಆದರೂ ಅಸಲು ವಿಮಾನದ ಎಪ್ಪತ್ತೆರಡನೇ ಒಂದು ಪಾಲಿನ ಅಳತೆಯನ್ನು ಆ ಮಕ್ಕಳು ಹಿಡಿಯಬಲ್ಲರೆಂದು ದೊಡ್ಡವರು ನಂಬಿದ್ದರು.