ಹಿರಿಯರ ಊರಿನಲ್ಲಿ ಮಕ್ಕಳಿಗೆ ಎಡೆಯುಂಟೆ?

(ಕೂಟದ ಯುಗಾದಿ ಸಮಾರಂಭದ ಅಂಗವಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹಬ್ಬದ ಊಟ ಮುಗಿದು ಒಬ್ಬಟ್ಟಿನ ಭಾರ ರೆಪ್ಪೆಗಳಿಗೆ ಏರುತ್ತಿರುವ ಈ ಹೊತ್ತಿನಲ್ಲಿ ನಮ್ಮನ್ನು ಇಲ್ಲಿ ನಿಲ್ಲಿಸಿದ್ದೀರಿ. ‘ನಿವೃತ್ತಿಯ ನಂತರ ನೆಲೆ ಎಲ್ಲಿ?’ ಎಂಬುದು ಕಾರ್ಯದರ್ಶಿಗಳು ಕೊಟ್ಟ ವಿಷಯ. ಅಷ್ಟು ದೊಡ್ಡ ವಿಷಯವನ್ನು ನಿಭಾಯಿಸುವ ಶಕ್ತಿ ನಮಗಿಲ್ಲ. ಆದುದರಿಂದ ಅದರ ಒಂದು ಮೂಲೆಯನ್ನು ಮಾತ್ರ ಹಿಡಿಯುತ್ತೇವೆ. ಐವತ್ತೈದು ವರ್ಷ ದಾಟಿದವರಿಗೆಂದೇ ಮೀಸಲಾದ ಬಡಾವಣೆಗಳಲ್ಲಿ ಮಕ್ಕಳು ವಾಸಿಸಬಹುದೆ, ಕೂಡದೆ? ‘ನಾವು’ ಎಂದಾಗಲೆಲ್ಲ ದಂಪತಿಗಳಿಬ್ಬರೂ ಸೇರಿ ಆಡುವ ಮಾತೆಂದು ತಾವು ಭಾವಿಸಬೇಕು. ಈ ವಿಷಯದಲ್ಲಿ ನಾವು ಮಾಡಿದ ತಪ್ಪನ್ನೂ ಇಬ್ಬರೂ ಸೇರಿಯೇ ಮಾಡಿದೆವು.

ಮೂವತ್ತು ಚಳಿಗಾಲ ಒಹಾಯೋದ ಹಿಮ ಗೋರಿದ ಮೇಲೆ 2015ರಲ್ಲಿ ಅರಿಜೋನದ ಇಂಥದೊಂದು ಬಡಾವಣೆಯಲ್ಲಿ ಮನೆ ಕೊಂಡೆವು. ಮೆಟ್ಟಿಲಿಲ್ಲದ ಮನೆ, ನಡೆದಾಡಲು ಸಮನಾದ ಹಾದಿ, ರಾತ್ರಿ ಒಂಬತ್ತಕ್ಕೆ ಮಲಗಿದರೆ ಯಾರೂ ನಗದ ನೆರೆಹೊರೆ. ಸಹಿ ಹಾಕಿದ ದಪ್ಪ ಕಾಗದದ ಕಟ್ಟಿನಲ್ಲಿ ಒಂದು ಸಾಲಿತ್ತು: ಹತ್ತೊಂಬತ್ತು ವರ್ಷದೊಳಗಿನ ಯಾರೂ ವರ್ಷಕ್ಕೆ ಮೂವತ್ತು ದಿನಗಳಿಗಿಂತ ಹೆಚ್ಚು ಇಲ್ಲಿ ತಂಗುವಂತಿಲ್ಲ. ನಾವು ಅದನ್ನು ಓದಿದೆವು. ಓದಿ, ಒಳ್ಳೆಯದೇ ಆಯಿತು ಎಂದುಕೊಂಡೆವು.

ಈ ನಿಯಮ ಹುಟ್ಟಿದ್ದೂ ಅರಿಜೋನದಲ್ಲಿಯೇ. ಫೀನಿಕ್ಸ್ ನಗರದ ಪಶ್ಚಿಮಕ್ಕೆ, ಹಿಂದೆ ದನ ಮೇಯುತ್ತಿದ್ದ ಭೂಮಿಯಲ್ಲಿ, 1954ರಲ್ಲಿ ಬೆನ್ ಶ್ಲೈಫರ್ ಎಂಬವರು ವೃದ್ಧರಿಗಾಗಿಯೇ ಒಂದು ಊರು ಕಟ್ಟಿದರು. ಅದಕ್ಕೆ ಇಟ್ಟ ಹೆಸರು ಯಂಗ್‌ಟೌನ್! ಅಲ್ಲಿ ಮುದುಕರು ತರುಣರಂತೆ ಬಾಳುತ್ತಾರೆಂಬ ಆಶಯವಂತೆ. ಅದರ ಪಕ್ಕದಲ್ಲಿಯೇ 1960ರ ಜನವರಿ 1ರಂದು ಡೆಲ್ ವೆಬ್ ಎಂಬ ಗುತ್ತಿಗೆದಾರರು ಸನ್ ಸಿಟಿಯನ್ನು ತೆರೆದರು. ಆ ವಾರಾಂತ್ಯ ಅದನ್ನು ನೋಡಲು ಬಂದವರ ಸಂಖ್ಯೆ ಒಂದು ಲಕ್ಷವೆಂದು ದಾಖಲಾಗಿದೆ. ಹತ್ತು ಸಾವಿರ ಮಂದಿ ಬಂದಾರೆಂದು ಲೆಕ್ಕ ಹಾಕಿದ್ದರೂ ಅದು ಧೈರ್ಯದ ಲೆಕ್ಕವೇ ಆಗುತ್ತಿತ್ತು. ದುಡಿದು ದಣಿದ ಒಂದು ತಲೆಮಾರು ಮೊಮ್ಮಕ್ಕಳ ಪಕ್ಕದಲ್ಲಿ ಆರಾಮಕುರ್ಚಿಯಲ್ಲಿ ತೂಗುವುದಕ್ಕಿಂತ ಗಾಲ್ಫ್ ಮೈದಾನದ ಪಕ್ಕದ ಸ್ವತಂತ್ರ ಬದುಕನ್ನು ಬಯಸುತ್ತದೆ ಎಂಬುದನ್ನು ಆ ಜನಜಂಗುಳಿ ತೋರಿಸಿಕೊಟ್ಟಿತು.

ಮಕ್ಕಳನ್ನು ಹೊರಗಿಡುವುದರ ಹಿಂದೆ ಶಾಂತಿಯ ಆಸೆ ಮಾತ್ರವಲ್ಲ, ತೆರಿಗೆಯ ಲೆಕ್ಕವೂ ಇತ್ತು. ಮಕ್ಕಳಿಲ್ಲದ ಊರಿಗೆ ಶಾಲೆ ಬೇಡ. ಶಾಲೆ ಬೇಡವಾದರೆ ಶಾಲೆಯ ತೆರಿಗೆಯೂ ಬೇಡ. ಸನ್ ಸಿಟಿಯ ನಿವಾಸಿಗಳು ನೆರೆಯ ಶಾಲೆಗಳಿಗಾಗಿ ಸಾಲ ಎತ್ತುವ ಪ್ರಸ್ತಾಪಗಳನ್ನು ಮತ್ತೆ ಮತ್ತೆ ಮತ ಹಾಕಿ ಸೋಲಿಸಿದರು. ಕೊನೆಗೆ 1970ರ ದಶಕದಲ್ಲಿ ಅವರ ಊರನ್ನು ಆ ಶಾಲಾ ಜಿಲ್ಲೆಯಿಂದಲೇ ಬೇರ್ಪಡಿಸಲಾಯಿತು. ಇದನ್ನು ಸ್ವಾರ್ಥವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ನಲವತ್ತು ವರ್ಷ ಇತರರ ಮಕ್ಕಳ ಶಾಲೆಗೂ ತೆರಿಗೆ ತೆತ್ತು, ಈಗ ನಿಗದಿತ ಪಿಂಚಣಿಯಲ್ಲಿ ದಿನ ದೂಡುವವರು ಹಾಗೆ ಯೋಚಿಸುವುದು ಅಸಹಜವೇನಲ್ಲ.

ಇನ್ನು ಕಾನೂನಿನ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಸಾಗೋಣ, ಏಕೆಂದರೆ ನಮ್ಮಲ್ಲಿ ಬಹುಮಂದಿ, ನಾವೂ ಸೇರಿದಂತೆ, ಇದನ್ನು ತಪ್ಪಾಗಿಯೇ ತಿಳಿದುಕೊಂಡಿದ್ದೆವು. ಒಂದು ಕಾಲಕ್ಕೆ ಈ ದೇಶದಲ್ಲಿ ಮಕ್ಕಳೊಂದಿಗರಿಗೆ ಬಾಡಿಗೆ ಮನೆ ದೊರೆಯುವುದೇ ಕಷ್ಟವಾಗಿತ್ತು. 1980ರಲ್ಲಿ ಕೇಂದ್ರ ಸರ್ಕಾರದ ವಸತಿ ಇಲಾಖೆಗಾಗಿ ನಡೆದ ಸಮೀಕ್ಷೆಯಲ್ಲಿ, ನಾಲ್ಕು ಬಾಡಿಗೆ ಮನೆಗಳಲ್ಲಿ ಒಂದು ಮಕ್ಕಳಿದ್ದವರಿಗೆ ಬಾಗಿಲು ಮುಚ್ಚಿರುವುದು ಕಂಡುಬಂತು. 1988ರಲ್ಲಿ ನ್ಯಾಯಸಮ್ಮತ ವಸತಿ ಕಾಯಿದೆಗೆ ತಿದ್ದುಪಡಿ ಬಂದು, ಹದಿನೆಂಟರೊಳಗಿನ ಮಕ್ಕಳಿದ್ದಾರೆ ಎಂಬ ಕಾರಣಕ್ಕೆ ಮನೆ ನಿರಾಕರಿಸುವುದು ಕಾನೂನುಬಾಹಿರವಾಯಿತು. ತಂದೆತಾಯಿಗಳ ಲಿಖಿತ ಒಪ್ಪಿಗೆ ಪಡೆದು ಮಗುವನ್ನು ಸಾಕುತ್ತಿರುವ ಅಜ್ಜ ಅಜ್ಜಿಗೂ ಆ ರಕ್ಷಣೆ ಉಂಟು. ಆದರೆ ಅದೇ ಕಾಯಿದೆ ಹಿರಿಯರ ವಸತಿಗಳಿಗೆ ವಿನಾಯಿತಿಯನ್ನೂ ಕೊಟ್ಟಿತು. ಎಲ್ಲ ನಿವಾಸಿಗಳೂ ಅರವತ್ತೆರಡು ದಾಟಿದವರಾಗಿರುವ ವಸತಿಗಳು ಒಂದು ಬಗೆ. ಅಲ್ಲಿ ಮಗುವಿನ ಮಾತೇ ಬರುವುದಿಲ್ಲ. ನಾವು ಹೆಚ್ಚಾಗಿ ಕಾಣುವುದು ಎರಡನೆಯ ಬಗೆಯನ್ನು. ವಾಸವಿರುವ ಮನೆಗಳಲ್ಲಿ ನೂರಕ್ಕೆ ಎಂಬತ್ತರಲ್ಲಿ ಕನಿಷ್ಠ ಒಬ್ಬರಾದರೂ ಐವತ್ತೈದು ದಾಟಿದವರಿರಬೇಕು. ಹಿರಿಯರಿಗಾಗಿ ವಿಶೇಷ ಸೌಕರ್ಯಗಳಿರಬೇಕೆಂಬ ಷರತ್ತೂ ಮೊದಲು ಇತ್ತು. 1995ರ ತಿದ್ದುಪಡಿ ಅದನ್ನು ಕೈಬಿಟ್ಟಿತು. ಇದು ಹಿರಿಯರ ಊರು ಎಂಬ ಉದ್ದೇಶವನ್ನು ಬಡಾವಣೆ ಸಾರಿ ಹೇಳಿ, ಅದರಂತೆ ನಡೆದುಕೊಂಡು, ನಿವಾಸಿಗಳ ವಯಸ್ಸನ್ನು ಪರಿಶೀಲಿಸುತ್ತಿದ್ದರೆ ಸಾಕು.

‘ಕನಿಷ್ಠ ಒಬ್ಬರಾದರೂ’ ಎಂಬ ಪದಗಳನ್ನು ಗಮನಿಸಿ. ಎಪ್ಪತ್ತು ವರ್ಷದ ಅಜ್ಜಿಯ ಜೊತೆ ಎಂಟು ವರ್ಷದ ಮೊಮ್ಮಗಳಿದ್ದರೆ ಆ ಮನೆ ಎಂಬತ್ತರ ಲೆಕ್ಕದಿಂದ ಕಳೆದುಹೋಗುವುದಿಲ್ಲ. ಅಜ್ಜಿ ಇದ್ದಾಳಲ್ಲ! ಮಕ್ಕಳನ್ನು ಹೊರಗಿಡಲು ಕೇಂದ್ರದ ಕಾನೂನು ಅನುಮತಿ ಕೊಟ್ಟಿದೆ, ಆಜ್ಞೆ ಮಾಡಿಲ್ಲ. ‘ಏನು ಮಾಡುವುದು, ಕಾನೂನೇ ಹಾಗಿದೆ’ ಎಂದು ಬಡಾವಣೆಯ ಸಂಘಗಳು ಕೈಚೆಲ್ಲುವಾಗ ಸಾಮಾನ್ಯವಾಗಿ ಅವರು ಹೇಳುತ್ತಿರುವುದು ತಾವೇ ಬರೆದುಕೊಂಡ ನಿಬಂಧನೆಯನ್ನು. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ, ಕೊನೆಗೆ ಹಿರಿಯರ ಊರೆಂಬ ಉದ್ದೇಶವೇ ಸಡಿಲವಾಯಿತೆಂದು ಯಾರಾದರೂ ನ್ಯಾಯಾಲಯಕ್ಕೆ ಹೋದಾರು ಎಂಬುದು ಅವರ ಭಯ. ಆ ಭಯ ಪೂರ್ತಿ ಸುಳ್ಳಲ್ಲ.

ಯಂಗ್‌ಟೌನ್ ಅದಕ್ಕೆ ಸಾಕ್ಷಿ. 1990ರ ದಶಕದಲ್ಲಿ ಅಲ್ಲಿನ ಒಂದು ಮನೆಗೆ ಮಲತಂದೆಯ ಹಿಂಸೆ ತಾಳಲಾರದ ಹದಿಹರೆಯದ ಮೊಮ್ಮಗನೊಬ್ಬ ಬಂದು ಸೇರಿದ. ಊರಾಡಳಿತ ಅವನನ್ನು ಇರಗೊಡಲಿಲ್ಲ. ವಿಷಯ ರಾಜ್ಯದ ಅಟಾರ್ನಿ ಜನರಲ್ ಅವರ ಕಚೇರಿಗೆ ಹೋಯಿತು. ವಿಚಾರಣೆಯಲ್ಲಿ, ಊರಿನ ವಯೋಮಿತಿಯ ಕಟ್ಟಳೆಯೇ ಕ್ರಮಬದ್ಧವಾಗಿ ಜಾರಿಗೆ ಬಂದದ್ದಲ್ಲವೆಂದು ಗೊತ್ತಾಗಿ, 1998ರಲ್ಲಿ ಅದು ಬಿದ್ದುಹೋಯಿತು. ಒಬ್ಬ ಹುಡುಗನನ್ನು ಹೊರಗಟ್ಟಲು ಹೋಗಿ, ದೇಶದ ಮೊತ್ತಮೊದಲ ಹಿರಿಯರ ಊರು ತನ್ನ ಬೇಲಿಯನ್ನೇ ಕಳೆದುಕೊಂಡಿತು. 2000ದ ಜನಗಣತಿಯಲ್ಲಿ ಮೂರು ಸಾವಿರದಷ್ಟಿದ್ದ ಅಲ್ಲಿನ ಜನಸಂಖ್ಯೆ 2010ರ ಹೊತ್ತಿಗೆ ಆರು ಸಾವಿರ ದಾಟಿತು. ಇಂದು ಅಲ್ಲಿ ಶಾಲೆಯ ಬಸ್ಸು ನಿಲ್ಲುತ್ತದೆ.

ಇದು ಹಳೆಯ ಕಥೆಯೆಂದು ಭಾವಿಸಬೇಡಿ. 2020ರ ಆರಂಭದಲ್ಲಿ ಅದೇ ರಾಜ್ಯದ ಪ್ರೆಸ್ಕಾಟ್ ಎಂಬಲ್ಲಿ, ಕೆಲವೇ ವಾರಗಳ ಅಂತರದಲ್ಲಿ ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡು ಅಜ್ಜ ಅಜ್ಜಿಯ ಮನೆ ಸೇರಿದ್ದ 15 ವರ್ಷದ ಹುಡುಗನಿಗೆ ಬಡಾವಣೆ ಬಿಡುವಂತೆ ಸಂಘ ಗಡುವು ಕೊಟ್ಟ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಈ ದೇಶದಲ್ಲಿ ಮೊಮ್ಮಕ್ಕಳ ಪೋಷಣೆಯ ಹೊಣೆ ಹೊತ್ತ ಅಜ್ಜ ಅಜ್ಜಿಯರ ಸಂಖ್ಯೆ ಇಪ್ಪತ್ತು ಲಕ್ಷವನ್ನು ಮೀರಿದೆ ಎನ್ನುತ್ತದೆ ಜನಗಣತಿ ಇಲಾಖೆ. ಇವರಾರೂ ಆ ಹೊಣೆಯನ್ನು ಮೊದಲೇ ಯೋಜಿಸಿ ಹೊತ್ತವರಲ್ಲ.

ಈಗ ನಮ್ಮ ವಿಷಯ. 2017ರಲ್ಲಿ ನಮ್ಮ ಹಿಂದಿನ ಬೀದಿಯ ಒಬ್ಬ ವಿಧವೆಯ ಮನೆಗೆ ಹತ್ತು ಹನ್ನೊಂದು ವರ್ಷದ ಮೊಮ್ಮಗಳು ಬಂದಳು. ಹುಡುಗಿಯ ತಾಯಿ ಮಾದಕ ವಸ್ತುಗಳ ದಾಸಿಯಾಗಿ ಎಲ್ಲಿಯೋ ಚಿಕಿತ್ಸೆಯಲ್ಲಿದ್ದಳಂತೆ. ಆ ಹುಡುಗಿ ಗಲಾಟೆ ಮಾಡಿದಳೆಂದು ಹೇಳಲಾರೆವು. ಸಂಜೆ ಹೊತ್ತು ಸೈಕಲ್ ತುಳಿಯುತ್ತಿದ್ದಳು, ಅಷ್ಟೆ. ಸಂಘದ ಸಭೆಯಲ್ಲಿ ಆ ಅಜ್ಜಿ ಎದ್ದು ನಿಂತು ಒಂದು ವರ್ಷದ ಕಾಲಾವಕಾಶ ಬೇಡಿದರು. ಕೈ ಎತ್ತಿ ಅಭಿಪ್ರಾಯ ತಿಳಿಸಿ ಎಂದರು ಅಧ್ಯಕ್ಷರು. ನಿಯಮ ನಿಯಮವೇ ಎಂಬ ಕಡೆಗೆ ನಾವು ಕೈ ಎತ್ತಿದೆವು, ಇಬ್ಬರೂ. ಮನೆಗೆ ಬಂದು ಕಾಫಿ ಕುಡಿದೆವು. ಆ ವಿಷಯವನ್ನು ಮತ್ತೆ ಆಡಲಿಲ್ಲ.

ಎರಡು ವರ್ಷಗಳ ನಂತರ ನಮ್ಮ ಸೊಸೆಗೆ ಸ್ತನದ ಕ್ಯಾನ್ಸರ್ ಎಂದು ತಿಳಿಯಿತು. ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಎಂದು ತಿಂಗಳುಗಟ್ಟಲೆ ಅಲೆದಾಟ. ಆರು ವರ್ಷದ ಮೊಮ್ಮಗನನ್ನು ಮಗ ನಮ್ಮಲ್ಲಿಗೆ ಕರೆತಂದು ಬಿಟ್ಟ. ಅಸಲಿಗಿಂತ ಬಡ್ಡಿಯೇ ಮುದ್ದು ಎನ್ನುತ್ತಾರಲ್ಲ, ಆ ದುಃಖದಲ್ಲಿಯೂ ಮನೆ ತುಂಬಿದಂತಾಯಿತು. ಮೂವತ್ತೆಂಟನೆಯ ದಿನ ಸಂಘದಿಂದ ಪತ್ರ ಬಂತು. ಬಹಳ ಸೌಜನ್ಯದ ಪತ್ರ. ಯಾರು ದೂರಿತ್ತರೆಂದು ನಾವು ಕೇಳಲಿಲ್ಲ. ಕೇಳುವ ಮುಖವೂ ಇರಲಿಲ್ಲ. ಸಂಪೂರ್ಣ ಸಾಲ ತೀರಿದ ಸ್ವಂತ ಮನೆಗೆ ಬೀಗ ಹಾಕಿ, ಹನ್ನೆರಡು ಮೈಲಿ ದೂರದಲ್ಲಿ ಎರಡನೆಯ ಮಹಡಿಯ ಬಾಡಿಗೆ ಮನೆ ಹಿಡಿದು, ಏಳು ತಿಂಗಳು ಅಲ್ಲಿದ್ದೆವು. ಮೆಟ್ಟಿಲು ಬೇಡವೆಂದು ಹಲವು ರಾಜ್ಯ ದಾಟಿ ಬಂದವರು ಮಂಡಿನೋವಿನಲ್ಲಿ ದಿನಕ್ಕೆ ನಾಲ್ಕು ಬಾರಿ ಮೆಟ್ಟಿಲೇರಿದೆವು. ಸೊಸೆ ಈಗ ಆರೋಗ್ಯವಾಗಿದ್ದಾಳೆ. ಹುಡುಗ ಮಾತ್ರ ಆಗಾಗ ಕೇಳುತ್ತಾನೆ: “ಅಜ್ಜಿ, ಆ ಮನೆಯವರಿಗೆ ನನ್ನ ಮೇಲೆ ಏಕೆ ಕೋಪ?”

ನಮಗೆ ನೋವಾಯಿತೆಂಬ ಕಾರಣಕ್ಕೆ ಬೇಲಿಯನ್ನೇ ಕಿತ್ತೊಗೆಯಿರಿ ಎಂದು ನಾವು ವಾದಿಸುತ್ತಿಲ್ಲ. ನಮ್ಮ ಬಡಾವಣೆಯಲ್ಲಿ ಊರುಗೋಲು ಹಿಡಿದು ನಡೆಯುವವರಿದ್ದಾರೆ, ಸ್ಕೇಟ್‌ಬೋರ್ಡೊಂದು ತಗುಲಿದರೆ ಸೊಂಟದ ಮೂಳೆ ಮುರಿದೀತು. ಮಗುವಿನ ದೃಷ್ಟಿಯಿಂದಲೂ ಯೋಚಿಸಬೇಕು. ಜೊತೆಗಾರರಿಲ್ಲದೆ, ವಾರಕ್ಕೆರಡು ಬಾರಿ ಆಂಬುಲೆನ್ಸ್ ಬರುವ ಬೀದಿಯಲ್ಲಿ ಬೆಳೆಯುವ ಬಾಲ್ಯ ಬಾಲ್ಯವಲ್ಲ. ತರುಣ ದಂಪತಿಗಳು ಅಗ್ಗದ ಮನೆಯೆಂದು ಇಲ್ಲಿಗೆ ಬಂದು ಸಂಸಾರ ಹೂಡುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಅವರಿಗೆ ಬೇರೆಡೆ ಬಾಗಿಲುಗಳಿವೆ. ನಾವು ಕೇಳುವುದು, ತಂದೆತಾಯಿಯ ಮನೆ ಕುಸಿದಾಗ ಅಜ್ಜಿಯ ಮನೆಯ ಹೊರತು ಬೇರೆ ಬಾಗಿಲಿಲ್ಲದೆ ಬಂದ ಮಗುವಿನ ವಿಷಯವನ್ನು ಮಾತ್ರ.

ಎಳೆಯರಿಂದ ದೂರ ಸರಿಯುವ ಆಸೆ ಪಾಶ್ಚಾತ್ಯರದೇ ಎಂದು ನಮ್ಮಲ್ಲಿ ಕೆಲವರು ಮೂಗು ಮುರಿಯುತ್ತಾರೆ. ಅದು ಸರಿಯಲ್ಲ. ತಲೆ ನರೆತು, ಮೈ ಸುಕ್ಕುಗಟ್ಟಿ, ಮಗನ ಮಗನ ಮುಖ ಕಂಡ ಮೇಲೆ ಗೃಹಸ್ಥನು ಕಾಡಿಗೆ ಹೋಗಲಿ ಎಂದು ಮನುಸ್ಮೃತಿಯೇ ಹೇಳಿದೆ. ಮೊಮ್ಮಗ ಹುಟ್ಟಿದ ಎಂಬುದೇ ಮನೆ ಬಿಡುವ ಗಳಿಗೆ! ಆದರೆ ನಮ್ಮ ಕಾಡಿನ ಆಶ್ರಮಗಳು ಹೇಗಿದ್ದವು? ಹಕ್ಕಿಗಳ ನಡುವೆ ಬಿದ್ದಿದ್ದ ಹಸುಗೂಸನ್ನು ಎತ್ತಿ ತಂದು ಶಕುಂತಲೆಯನ್ನಾಗಿ ಬೆಳೆಸಿದವರು ಕಣ್ವರು. ತುಂಬು ಬಸುರಿ ಸೀತೆಗೆ ನೆಲೆ ಕೊಟ್ಟವರು ವಾಲ್ಮೀಕಿಗಳು. ಲವಕುಶರು ಆಡಿ ಬೆಳೆದದ್ದು ತಪಸ್ಸಿನ ಮೌನಕ್ಕೆಂದೇ ಮೀಸಲಾದ ಜಾಗದಲ್ಲಿ. ಮೂವತ್ತು ದಿನಗಳ ನಿಯಮ ಅಲ್ಲಿದ್ದಿದ್ದರೆ ರಾಮಾಯಣದ ಉತ್ತರಕಾಂಡ ಬಹಳ ಚಿಕ್ಕದಾಗುತ್ತಿತ್ತು.

ಬೇಲಿಯನ್ನು ಉಳಿಸಿಕೊಂಡೇ ಒಂದು ಕಿಟಕಿ ಇಡುವುದು ಸಾಧ್ಯವೆಂದು ಕ್ಯಾಲಿಫೋರ್ನಿಯಾ ತೋರಿಸಿದೆ. ಅಲ್ಲಿನ ಹಿರಿಯರ ವಸತಿಯ ಶಾಸನದಂತೆ ಕಿರಿಯ ಅತಿಥಿಗಳಿಗೆ ವರ್ಷಕ್ಕೆ ಕನಿಷ್ಠ 60 ದಿನಗಳ ವಾಸಕ್ಕೆ ಅವಕಾಶವಿರಲೇಬೇಕು. ಅಂಗವೈಕಲ್ಯ ಅಥವಾ ಕಾಯಿಲೆಯ ಕಾರಣದಿಂದ ಹಿರಿಯರೊಡನೆ ಇರಲೇಬೇಕಾದ ಮಗ, ಮಗಳು, ಮೊಮ್ಮಕ್ಕಳಿಗೆ ಖಾಯಂ ವಾಸದ ಹಕ್ಕನ್ನೂ ಕೊಟ್ಟಿದ್ದಾರೆ. ಇದರಿಂದ ಅಲ್ಲಿನ ಹಿರಿಯರ ಊರುಗಳೇನೂ ಮುಳುಗಿಹೋಗಿಲ್ಲ. ಸನ್ ಸಿಟಿಯೇ ಮಕ್ಕಳ ಭೇಟಿಗೆ 90 ದಿನ ಕೊಟ್ಟಿದೆ. ಫ್ಲಾರಿಡಾದ ದಿ ವಿಲೇಜಸ್‌ನಲ್ಲಿ ಮೂವತ್ತೇ ದಿನ. 2010ರಿಂದ 2020ರವರೆಗಿನ ದಶಕದಲ್ಲಿ ದೇಶದಲ್ಲೇ ಅತಿ ವೇಗವಾಗಿ ಬೆಳೆದ ಮಹಾನಗರ ಪ್ರದೇಶ ಅದು. ಹೀಗಾಗಿ ಈ ಮೂವತ್ತು ದಿನಗಳ ಲೆಕ್ಕ ಸಣ್ಣ ಸಂಗತಿಯಲ್ಲ.

ನಮ್ಮವರಿಗೆ ಇದರಲ್ಲಿ ಒಂದು ವಿಶೇಷ ತೊಡಕೂ ಇದೆ. ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮ ರೂಢಿ. ಹುಟ್ಟಿದ ಕೂಸೂ ಹತ್ತೊಂಬತ್ತರೊಳಗಿನ ವ್ಯಕ್ತಿಯೇ! ಹನ್ನೊಂದನೆಯ ದಿನದ ನಾಮಕರಣ ನಿಯಮದೊಳಗೆ ಮುಗಿಯುತ್ತದೆ, ಮೂರು ತಿಂಗಳ ಬಾಣಂತನ ಮುಗಿಯುವುದಿಲ್ಲ. ಫ್ಲಾರಿಡಾದ ಟವಾರೆಸ್‌ನಲ್ಲಿ ಭಾರತೀಯ ಹಿರಿಯರಿಗಾಗಿಯೇ ಶಾಂತಿನಿಕೇತನ ಎಂಬ ವಸತಿ ತಲೆಯೆತ್ತಿದೆ. ಅಂಥವನ್ನು ನಾವೂ ಕಟ್ಟಬೇಕೆಂಬ ಮಾತು ಕನ್ನಡಿಗರ ಗೋಷ್ಠಿಗಳಲ್ಲಿ ಆಗಾಗ ಕೇಳಿಬರುತ್ತದೆ. ಕಟ್ಟುವುದಾದರೆ ಅನ್ನ ಸಾರಿನ ವ್ಯವಸ್ಥೆ, ದೇವರಮನೆಯ ದಿಕ್ಕು ಚರ್ಚಿಸುವ ಮೊದಲು ನಿಬಂಧನೆಗಳ ಈ ಪುಟವನ್ನು ಬರೆಯಿರಿ. ಕೊಳ್ಳುವುದಾದರೆ ಸಹಿಯ ಮೊದಲು ಎರಡು ಪ್ರಶ್ನೆ ಕೇಳಿ: ಮೊಮ್ಮಗು ಎಷ್ಟು ದಿನ ಇರಬಹುದು? ಸಂಕಟ ಬಂದಾಗ ಆ ಅವಧಿಯನ್ನು ವಿಸ್ತರಿಸುವ ಅಧಿಕಾರ ಯಾರಿಗೆ, ಎಲ್ಲಿ ಬರೆದಿದೆ? ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ.

ನಮ್ಮ ಬಡಾವಣೆಯಲ್ಲಿ ಒಂದು ತಿದ್ದುಪಡಿಯನ್ನು ಮುಂದಿಟ್ಟಿದ್ದೇವೆ. ಪಾಲಕರ ಮರಣ, ಗಂಭೀರ ಕಾಯಿಲೆ, ಇಲ್ಲವೆ ನ್ಯಾಯಾಲಯದ ಆದೇಶದಿಂದ ಅಜ್ಜ ಅಜ್ಜಿಯ ಪಾಲಿಗೆ ಬಂದ ಮಗು ಒಂದು ವರ್ಷ ಇರಬಹುದು. ವರ್ಷಾಂತ್ಯದಲ್ಲಿ ಮರುಪರಿಶೀಲನೆ. ಇಂಥ ಮನೆಗಳು ನೂರಕ್ಕೆ ಮೂರನ್ನು ಮೀರಬಾರದು. ಇದು ಜಾರಿಗೆ ಬರಲು ಮೂರರಲ್ಲಿ ಎರಡು ಪಾಲು ಮನೆಯವರ ಒಪ್ಪಿಗೆ ಬೇಕು. ಕಳೆದ ಬಾರಿ ನಲವತ್ತೊಂದು ಮತಗಳಿಂದ ಸೋತೆವು. ಬರುವ ನವೆಂಬರ್‌ನಲ್ಲಿ ಮತ್ತೆ ಮತದಾನ. ಸಂಜೆ ಬಿಸಿಲಿಳಿದ ಮೇಲೆ ಕಾಗದ ಹಿಡಿದು ಮನೆ ಮನೆಯ ಕದ ತಟ್ಟುತ್ತಿದ್ದೇವೆ. ಹಿಂದಿನ ಬೀದಿಯಲ್ಲಿ ಆ ಅಜ್ಜಿಯ ಮನೆಗೆ ಹೊಸಬರು ಬಂದಿದ್ದಾರೆ. ಆಕೆ ಮೊಮ್ಮಗಳನ್ನು ಕರೆದುಕೊಂಡು ಎಲ್ಲಿಗೆ ಹೋದರೆಂದು ಅವರನ್ನು ಕೇಳಿದೆವು. ಅವರಿಗೆ ತಿಳಿಯದು. ಸಂಘದ ಕಚೇರಿಯಲ್ಲಿಯೂ ವಿಳಾಸ ಸಿಗಲಿಲ್ಲ.