ಸೊನ್ನೆಯಿಂದ ಭಾಗಿಸಿದರೆ ಎಷ್ಟು?

ನಾನು ಹೊಸದಾಗಿ ಮೇಷ್ಟ್ರಾಗಿದ್ದಾಗ ಹುಡುಗಿಯೊಬ್ಬಳು, “ಸಾರ್, ಒಂದನ್ನು ಸೊನ್ನೆಯಿಂದ ಭಾಗಿಸಿದರೆ ಎಷ್ಟು?” ಎಂದಳು. “ಪರೀಕ್ಷೆಗೆ ಬರಲ್ಲ, ಕೂತ್ಕೊಳಮ್ಮ” ಎಂದುಬಿಟ್ಟೆ.

ಒಂದನ್ನು 0.1ರಿಂದ ಭಾಗಿಸಿದರೆ 10, 0.01ರಿಂದ ಭಾಗಿಸಿದರೆ 100. ಭಾಜಕ ಸೊನ್ನೆಯತ್ತ ಸರಿದಂತೆ ಉತ್ತರ ಬೆಳೆಯುವುದಕ್ಕೆ ಕೊನೆಯೇ ಇಲ್ಲ.

ರಾಷ್ಟ್ರಕೂಟರ ಕಾಲದ ನಮ್ಮ ಮಹಾವೀರಾಚಾರ್ಯರು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ತಪ್ಪಿದರು. 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ಬರೆದ ಭಾಸ್ಕರಾಚಾರ್ಯರು ಅದನ್ನು ‘ಖಹರ’ ಎಂದು ಕರೆದರು. ಏನು ಕೂಡಿಸಿದರೂ ಕಳೆದರೂ ಬದಲಾಗದ ಅನಂತ ರಾಶಿ ಅದು. ಇಂದಿನ ಶಾಲಾ ಗಣಿತ ಆ ಭಾಗಾಕಾರವನ್ನು ಒಪ್ಪುವುದಿಲ್ಲ. ಆದರೆ ಕುಂದಲಹಳ್ಳಿಯ ಸುತ್ತ ಬಳಸುವ ಎಷ್ಟೋ ಕಂಪ್ಯೂಟರ್ ಭಾಷೆಗಳು ದಶಮಾಂಶ ಲೆಕ್ಕದಲ್ಲಿ ‘ಅನಂತ’ ಎಂದೇ ಉತ್ತರಿಸುತ್ತವೆ. ಅದಕ್ಕೆ 5 ಕೂಡಿಸಿದರೂ ಅನಂತವೇ.

ದೊಡ್ಡವರೂ ತಪ್ಪಿದ ಪ್ರಶ್ನೆಯದು. ಮಕ್ಕಳೇ, ಕೂತ್ಕೋ ಎಂದರೂ ಮತ್ತೆ ಎದ್ದು ಕೇಳಿ.